ಹಳೆಯ ಕಾರಿಗೆ ಹಗಲು ದೀಪ: ಕರೆಂಟ್ ಎಲ್ಲಿಂದ, ಎಲ್ಲಿಯವರೆಗೆ?

ಹೊಸ ಕಾರುಗಳ ಮುಂಭಾಗದಲ್ಲಿ ಹಾಡಹಗಲೇ ಉರಿಯುವ ಬಿಳಿಯ ಎಲ್‌ಇಡಿ ಪಟ್ಟಿಗಳನ್ನು ಕಂಡವರು ತಮ್ಮ ಹಳೆಯ ಮಾರುತಿ 800, ಸ್ಯಾಂಟ್ರೊ, ಇಂಡಿಕಾಗಳಿಗೂ ಅಂಥದೇ ಒಂದು ಜೋಡಿ ಹಾಕಿಸಬೇಕೆಂದು ಹಾಸನದ ನಮ್ಮ ಆಟೋ ಎಲೆಕ್ಟ್ರಿಕಲ್ ಅಂಗಡಿಗೆ ಬರುವುದುಂಟು. ಇದನ್ನು ಬರೀ ಶೋಕಿ ಎಂದು ತಳ್ಳಿಹಾಕುವಂತಿಲ್ಲ. ಮಳೆಗಾಲದಲ್ಲಿ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗಲಾಗಲಿ, ಕೊಟ್ಟಿಗೆಹಾರದಿಂದ ಚಾರ್ಮಾಡಿಯ ಕಡೆಗೆ ಹೊರಟಾಗಲಾಗಲಿ, ಮರಗಳ ನೆರಳು ಮತ್ತು ಮಳೆಯ ಮಬ್ಬಿನ ನಡುವೆ ಬೂದು ಬಣ್ಣದ ಕಾರೊಂದು ಎದುರಿನವರ ಕಣ್ಣಿಗೆ ಬೀಳುವುದು ತೀರಾ ಹತ್ತಿರ ಬಂದ ಮೇಲೆಯೇ. ಆದರೆ ಗ್ರಾಹಕರು ದೀಪದ ಆಕಾರ, ಹೊಳಪು ಮತ್ತು ಬೆಲೆಯನ್ನು ವಿಚಾರಿಸುವಷ್ಟು ಆಸಕ್ತಿಯಿಂದ ಅದಕ್ಕೆ ಕರೆಂಟ್ ಎಲ್ಲಿಂದ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದನ್ನು ವಿಚಾರಿಸುವುದಿಲ್ಲ. ಹಳೆಯ ಕಾರಿನ ಮಟ್ಟಿಗೆ ಕೆಲಸದ ಒಳಿತು ಕೆಡಕು ನಿಂತಿರುವುದು ಅಲ್ಲಿಯೇ.

ಡಿಆರ್‌ಎಲ್ (ಡೇಟೈಮ್ ರನ್ನಿಂಗ್ ಲ್ಯಾಂಪ್) ಎಂದು ಕರೆಯುವ ಈ ದೀಪ ರಸ್ತೆಯನ್ನು ಬೆಳಗಿಸಲು ಇರುವುದಲ್ಲ. ಎದುರಿನವರಿಗೆ ನಮ್ಮನ್ನು ಕಾಣಿಸಲು ಇರುವುದು. ಸ್ವೀಡನ್ 1977ರಲ್ಲೇ ಹಗಲಿನಲ್ಲಿ ದೀಪ ಉರಿಸುವುದನ್ನು ಕಡ್ಡಾಯ ಮಾಡಿತು. ಐರೋಪ್ಯ ಒಕ್ಕೂಟ 2011ರ ಫೆಬ್ರುವರಿಯಿಂದ ಹೊಸ ಮಾದರಿಯ ಕಾರುಗಳಲ್ಲಿ ಪ್ರತ್ಯೇಕ ಹಗಲು ದೀಪ ಇರಲೇಬೇಕೆಂದಿತು. ನಮ್ಮಲ್ಲಿ 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಎಂಜಿನ್ ಜೊತೆಗೇ ಉರಿಯುತ್ತದೆ, ಆದರೆ ಕಾರುಗಳಿಗೆ ಅಂಥ ಕಡ್ಡಾಯವಿಲ್ಲ. ಯುರೋಪಿನ ಮಾನದಂಡದಲ್ಲಿ ಒಂದು ದೀಪದ ತೀವ್ರತೆ 400ರಿಂದ 1200 ಕ್ಯಾಂಡೆಲಾ ಒಳಗಿರಬೇಕು. ಮಾರುಕಟ್ಟೆಯಲ್ಲಿ ಡಿಆರ್‌ಎಲ್ ಎಂಬ ಹೆಸರಿನಲ್ಲೇ ಸಿಗುವ, ಎದುರಿನವರು ಕಣ್ಣು ಮುಚ್ಚಿಕೊಳ್ಳುವಷ್ಟು ಪ್ರಖರವಾದ ಬಾರ್‌ಗಳು ಈ ಜಾತಿಗೆ ಸೇರಿದವೇ ಅಲ್ಲ.

ಇದರಲ್ಲಿ ಅಡಗಿರುವ ಅಪಾಯವೊಂದನ್ನು ಮೊದಲೇ ಹೇಳಿಬಿಡಬೇಕು. ಹಗಲು ದೀಪ ಉರಿಯುವಾಗ ಹಿಂದಿನ ಕೆಂಪು ದೀಪಗಳು ಉರಿಯುವುದಿಲ್ಲ. ಚಾರ್ಮಾಡಿಯ ಮಂಜಿನಲ್ಲಿ ಮುಂದೆ ಬೆಳಕು ಕಾಣುವುದರಿಂದ ಚಾಲಕರು ತಮ್ಮ ದೀಪಗಳೆಲ್ಲ ಹೊತ್ತಿವೆ ಎಂದು ನೆಮ್ಮದಿಯಿಂದ ಸಾಗುತ್ತಾರೆ. ಹಿಂದಿನಿಂದ ಬರುವ ಲಾರಿಯವನಿಗೆ ಆ ಕಾರು ಇದೆಯೆಂದೇ ಗೊತ್ತಾಗುವುದಿಲ್ಲ. ಮಂಜು ಅಥವಾ ಜೋರು ಮಳೆ ಇದ್ದರೆ ಹೆಡ್‌ಲೈಟನ್ನು ಡಿಮ್‌ನಲ್ಲಿ ಹಾಕಿಯೇ ಹೋಗಬೇಕು, ಆಗ ಹಿಂದಿನ ದೀಪವೂ ತಾನಾಗಿ ಉರಿಯುತ್ತದೆ. ಈ ಅಭ್ಯಾಸ ಬೆಳೆಸಿಕೊಳ್ಳಲು ಒಪ್ಪದವರು ಹಗಲು ದೀಪ ಹಾಕಿಸದಿರುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾನೂನಿನ ವಿಷಯದಲ್ಲೂ ಎಚ್ಚರ ಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಆದ್ದರಿಂದ ಬಂಪರ್ ಕೊರೆಯುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಒಂದು ಮಾತು ಕೇಳುವುದು ಒಳ್ಳೆಯದು. ಮುಂಭಾಗದಲ್ಲಿ ಕೆಂಪು, ನೀಲಿ ಅಥವಾ ಮಿಟುಕುವ ಪಟ್ಟಿಗಳನ್ನು ಹಾಕಿಕೊಡಿ ಎಂದರೆ ನಾವು ಹಾಕುವುದಿಲ್ಲ.

ಇನ್ನು ದೀಪದ ಆಯ್ಕೆ. ಡಬ್ಬಿಯ ಮೇಲೆ 12 ವೋಲ್ಟ್ ಎಂದು ಬರೆದಿರುತ್ತದೆ, ಆದರೆ ಎಂಜಿನ್ ಓಡುತ್ತಿರುವಾಗ ಕಾರಿನಲ್ಲಿ 12 ವೋಲ್ಟ್ ಇರುವುದಿಲ್ಲ. ಆಲ್ಟರ್ನೇಟರ್ ಚಾರ್ಜ್ ಮಾಡುವಾಗ ಅದು 13.8ರಿಂದ 14.4ರ ತನಕ ಏರುತ್ತದೆ. ಅಗ್ಗದ ಪಟ್ಟಿಗಳಲ್ಲಿ ಮೂರು ಮೂರು ಎಲ್‌ಇಡಿಗಳನ್ನು ಸಾಲಾಗಿ ಸೇರಿಸಿ, ಕರೆಂಟಿಗೆ ತಡೆಯಾಗಿ ಒಂದು ಸಣ್ಣ ರೆಸಿಸ್ಟರ್ ಬೆಸುಗೆ ಹಾಕಿ ಕೈತೊಳೆದುಕೊಂಡಿರುತ್ತಾರೆ. ಒಂದೊಂದು ಬಿಳಿ ಎಲ್‌ಇಡಿ ಸುಮಾರು 3.2 ವೋಲ್ಟ್ ತೆಗೆದುಕೊಂಡರೆ ಮೂರಕ್ಕೆ 9.6 ಆಯಿತು, 12 ವೋಲ್ಟಿನಲ್ಲಿ ರೆಸಿಸ್ಟರ್ ಪಾಲಿಗೆ ಉಳಿಯುವುದು 2.4. ಅದೇ 14.4 ಆದಾಗ ರೆಸಿಸ್ಟರ್ ಮೇಲೆ 4.8 ವೋಲ್ಟ್ ಬೀಳುತ್ತದೆ, ಅಂದರೆ ಎಲ್‌ಇಡಿಯಲ್ಲಿ ಹರಿಯುವ ಕರೆಂಟ್ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಅಂಗಡಿಯ ಮೇಜಿನ ಮೇಲೆ ಬ್ಯಾಟರಿಗೆ ತಾಗಿಸಿದಾಗ ಚೆನ್ನಾಗಿಯೇ ಕಂಡ ಪಟ್ಟಿ ಕಾರಿಗೆ ಹೋದ ಮೇಲೆ ಮೂರು ಮೂರು ಚುಕ್ಕೆಗಳಾಗಿ ಸಾಯುವುದಕ್ಕೆ ಕಾರಣ ಇದೇ. ಆದ್ದರಿಂದ ಒಳಗೆ ಕರೆಂಟನ್ನು ಸ್ಥಿರವಾಗಿಡುವ ಡ್ರೈವರ್ ಇರುವ, ಬೆನ್ನಿಗೆ ಅಲ್ಯೂಮಿನಿಯಂ ಕವಚವಿದ್ದು ಬಿಸಿಯನ್ನು ಹೊರಹಾಕುವ, ಧೂಳು, ನೀರು ಒಳಹೋಗದು ಎನ್ನುವ ಐಪಿ67 ಗುರುತಿರುವ ದೀಪವನ್ನೇ ಕೊಳ್ಳಬೇಕು. ಕಳಪೆ ಡ್ರೈವರ್ ಇದ್ದರೆ ರೇಡಿಯೋ ತಕ್ಷಣ ಪತ್ತೆ ಹಚ್ಚುತ್ತದೆ: ಹಾಸನ ಆಕಾಶವಾಣಿ ಹಾಕಿ ದೀಪ ಉರಿಸಿದಾಗ ಗರಗರ ಸದ್ದು ಬಂದರೆ ಆ ಜೋಡಿಯನ್ನು ಹಿಂದಿರುಗಿಸಿ.

ಜೋಡಿಸುವ ಜಾಗಕ್ಕೂ ಅಳತೆಯಿದೆ. ನೆಲದಿಂದ 25 ಸೆಂಟಿಮೀಟರಿಗಿಂತ ಕೆಳಗೆ ಬೇಡ, ಒಂದೂವರೆ ಮೀಟರಿಗಿಂತ ಮೇಲೆ ಬೇಡ. ಕಾರಿನ ಹೊರ ಅಂಚಿನಿಂದ 40 ಸೆಂಟಿಮೀಟರಿಗಿಂತ ದೂರ ಹೋಗಬಾರದು, ಎರಡು ದೀಪಗಳ ನಡುವೆ ಕನಿಷ್ಠ 60 ಸೆಂಟಿಮೀಟರ್ ಅಂತರವಿರಬೇಕು. ಸುಮಾರು 1.4 ಮೀಟರ್ ಅಗಲದ ಮಾರುತಿ 800ರಲ್ಲೂ ಈ ಲೆಕ್ಕ ಸರಿಹೊಂದುತ್ತದೆ. ಬಂಪರ್ ಓರೆಯಾಗಿದ್ದರೆ ಅಡಿಗೆ ಬೆಣೆ ಕೊಟ್ಟು ದೀಪದ ಮುಖ ನೇರವಾಗಿ ಮುಂದಕ್ಕೆ ಇರುವಂತೆ ನೋಡಿಕೊಳ್ಳಬೇಕು. ಇಂಡಿಕೇಟರ್ ಬಂಪರಿನಲ್ಲೇ ಇರುವ ಹಳೆಯ ಕಾರುಗಳಲ್ಲಿ ಬಿಳಿಯ ಬೆಳಕು ಪಕ್ಕದ ಹಳದಿ ಮಿಟುಕನ್ನು ನುಂಗಿಬಿಡುತ್ತದೆ, ಆದ್ದರಿಂದ ಎರಡರ ನಡುವೆ ಒಂದು ಗೇಣಾದರೂ ಬಿಡುವುದು ನಮ್ಮ ರೂಢಿ.

ವೈರಿಂಗ್‌ಗೆ ಬರೋಣ. ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ ಎಂದು ತಂದ ಕಾರಿನ ಬಾನೆಟ್ ಎತ್ತಿದಾಗ, ದೀಪದ ವೈರನ್ನು ಫ್ಯೂಸ್ ಇಲ್ಲದೆ ನೇರವಾಗಿ ಬ್ಯಾಟರಿಯ ಟರ್ಮಿನಲ್‌ಗೆ ಸುತ್ತಿದ್ದು ಕಂಡಿತು. ಜಾಯಿಂಟಿನ ಇನ್ಸುಲೇಷನ್ ಟೇಪು ಬಿಸಿಗೆ ಅಂಟಂಟಾಗಿ ಜಾರಿತ್ತು, ಒಳಗಿನ ತಾಮ್ರದ ಎಳೆಗಳು ಹಸಿರುಗಟ್ಟಿದ್ದವು. “ಸ್ವಿಚ್ ಕೊಟ್ಟಿದ್ದಾರಲ್ಲ ಸಾರ್, ಆಫ್ ಮಾಡೋದು ಒಂದೊಂದ್ಸಲ ಮರೆಯುತ್ತೆ” ಎಂದರು. ಎರಡೂ ದೀಪ ಸೇರಿ 20 ವ್ಯಾಟ್ ಎಂದರೂ ಸುಮಾರು 1.6 ಆಂಪಿಯರ್, ರಾತ್ರಿಯ ಹತ್ತು ಗಂಟೆಯಲ್ಲಿ 35 ಆಂಪಿಯರ್-ಅವರ್ ಬ್ಯಾಟರಿಯ ಅರ್ಧದ ಹತ್ತಿರ ಖಾಲಿಯಾಗುತ್ತದೆ, ಚಳಿಯ ಬೆಳಗಿನಲ್ಲಿ ಸ್ಟಾರ್ಟರ್ ಮೋಟಾರಿಗೆ ಉಳಿದದ್ದು ಸಾಲುವುದಿಲ್ಲ.

ಸರಿಯಾದ ವಿಧಾನ ಕಷ್ಟವಾದದ್ದೇನಲ್ಲ. ಕೀಲಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಇಗ್ನಿಷನ್ ಸರ್ಕ್ಯೂಟನ್ನು ಟೆಸ್ಟ್ ಲ್ಯಾಂಪ್ ಹಿಡಿದು ಗುರುತಿಸಿ, ಅಲ್ಲಿಂದ 3 ಆಂಪಿಯರ್ ಫ್ಯೂಸ್ ಮೂಲಕ ಐದು ಪಿನ್ನಿನ ರಿಲೇಯ (ಕರೆಂಟ್ ಕೊಟ್ಟಾಗ ತಾನಾಗಿ ಬದಲಾಗುವ ಸ್ವಿಚ್ಚು) 30ನೇ ಪಿನ್ನಿಗೆ ವೈರ್ ತರಬೇಕು. ದೀಪದ ವೈರನ್ನು 87ಎ ಪಿನ್ನಿಗೆ, ಪಾರ್ಕಿಂಗ್ ಲೈಟಿನ ಪಾಸಿಟಿವ್ ವೈರನ್ನು 86ಕ್ಕೆ ಕೊಟ್ಟು, 85ನ್ನು ಕಾರಿನ ಲೋಹದ ಮೈಗೆ ಅರ್ಥ್ ಮಾಡಬೇಕು. ರಿಲೇಗೆ ಕರೆಂಟ್ ಇಲ್ಲದಾಗ 30 ಮತ್ತು 87ಎ ಕೂಡಿರುತ್ತವೆ, 86ಕ್ಕೆ ಕರೆಂಟ್ ಬಂದೊಡನೆ ಬೇರೆಯಾಗುತ್ತವೆ. ಹೀಗೆ ಮಾಡಿದರೆ ಕಾರು ಚಾಲೂ ಇರುವಾಗ ದೀಪ ತಾನಾಗಿ ಉರಿಯುತ್ತದೆ, ಪಾರ್ಕಿಂಗ್ ಲೈಟ್ ಹಾಕಿದೊಡನೆ ಆರುತ್ತದೆ. ಪ್ರತ್ಯೇಕ ಸ್ವಿಚ್ಚೂ ಬೇಡ, ಮರೆಯುವ ಪ್ರಶ್ನೆಯೂ ಇಲ್ಲ. ದೀಪ ಆರಿಸುವ ಈ ಸೂಚನೆಯನ್ನು ಪಾರ್ಕಿಂಗ್ ಲೈಟಿನ ಬದಲು ಹೆಡ್‌ಲೈಟಿನಿಂದಲೇ ತೆಗೆದುಕೊಳ್ಳಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಜಪಾನಿ ಮೂಲದ ಕೆಲವು ಹಳೆಯ ಕಾರುಗಳಲ್ಲಿ ಹೆಡ್‌ಲೈಟಿನ ಸ್ವಿಚ್ಚು ಅರ್ಥ್ ಬದಿಯಲ್ಲಿರುವುದರಿಂದ ಅಲ್ಲಿ ರಿಲೇ ಹೇಳಿದಂತೆ ಕೇಳುವುದಿಲ್ಲ. ಅರ್ಥ್ ಕೊಡುವ ಜಾಗದಲ್ಲಿ ಬಣ್ಣ ಕೆರೆದು, ವೈರಿನ ತುದಿಗೆ ಥಿಂಬಲ್ (ಲೋಹದ ಬಳೆ) ಒತ್ತಿ, ಬೋಲ್ಟ್ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಹಳೆಯ ಕಾರುಗಳಲ್ಲಿ ದೀಪ ಮಿಣಮಿಣ ಎನ್ನುವ ದೂರುಗಳು ಹೆಚ್ಚಾಗಿ ಇಲ್ಲಿಯೇ ಬಗೆಹರಿಯುತ್ತವೆ.

ಬ್ಯಾಟರಿಗೆ ನೇರವಾಗಿ ಸೇರಿಸಿ, ವೋಲ್ಟೇಜ್ 13ರ ಮೇಲೇರಿದಾಗ ತಾನಾಗಿ ಉರಿಸುವ ಮಾಡ್ಯೂಲ್‌ಗಳೂ ಬಂದಿವೆ. ಆಲ್ಟರ್ನೇಟರ್ ಗಟ್ಟಿಯಾಗಿರುವ ಕಾರಿಗೆ ಅವು ಅನುಕೂಲವೇ. ಬೆಲ್ಟ್ ಸಡಿಲವಾಗಿ, ಬ್ರಷ್ ಸವೆದಿರುವ ಕಾರಿನಲ್ಲಿ ವೈಪರ್ ಮತ್ತು ಬ್ಲೋವರ್ ಹಾಕಿಕೊಂಡು ಸಿಗ್ನಲ್‌ನಲ್ಲಿ ನಿಂತಾಗ ವೋಲ್ಟೇಜ್ ಇಳಿದು, ದೀಪ ಆರುತ್ತ ಹೊತ್ತುತ್ತ ಕುಣಿಯುತ್ತದೆ. ದೀಪ ಹಾಕುವ ಮೊದಲೇ ಎಂಜಿನ್ ಓಡಿಸಿ ಚಾರ್ಜಿಂಗ್ ವೋಲ್ಟೇಜನ್ನು ಮೀಟರಿನಲ್ಲಿ ನೋಡುವುದು ಇದಕ್ಕಾಗಿಯೇ.

ಕೆಲಸ ಮುಗಿದ ಮೇಲೆ ವೈರುಗಳನ್ನು ಸುಕ್ಕುಗಟ್ಟಿದ ಪ್ಲಾಸ್ಟಿಕ್ ಕೊಳವೆಯೊಳಗೆ ಹಾಕಿ, ರೇಡಿಯೇಟರ್ ಫ್ಯಾನಿನಿಂದ ದೂರಕ್ಕೆ ಕಟ್ಟಿಸಿಕೊಳ್ಳಿ. ತೋಟದ ಮನೆಯ ಶೆಡ್ಡಿನಲ್ಲಿ ಕಾರು ನಿಲ್ಲಿಸುವವರಿಗೆ ಇದು ಇನ್ನೂ ಅಗತ್ಯ, ಏಕೆಂದರೆ ಜೋತುಬಿದ್ದ ವೈರನ್ನು ಇಲಿಗಳು ಮೊದಲು ಕಡಿಯುತ್ತವೆ. ಫ್ಯೂಸ್ ಸರಿಯಾಗಿದ್ದರೆ ಆಗುವ ನಷ್ಟ ಒಂದು ಫ್ಯೂಸು ಮತ್ತು ಒಂದು ಮೊಳ ವೈರು ಮಾತ್ರ.