ಎನ್‌ಎಸ್‌ಇ ಜಾಸ್ತಿ ಬಂದಿದೆಯೇ? ಮೊದಲು ಸೀರಂ ಬಣ್ಣ ವಿಚಾರಿಸಿ

ಮಳವಳ್ಳಿಯಲ್ಲಿ ಬೆಳಿಗ್ಗೆ ಏಳಕ್ಕೆ ತೆಗೆದ ರಕ್ತ ಬೈಕಿನ ಡಬ್ಬಿಯಲ್ಲಿ ಕುಲುಕುತ್ತಾ ಮೈಸೂರಿನ ಲ್ಯಾಬ್ ಸೇರುವಾಗ ಹನ್ನೊಂದಾದರೂ ಆಶ್ಚರ್ಯವಿಲ್ಲ. ಕೊಲೆಸ್ಟ್ರಾಲ್ ಪರೀಕ್ಷೆಗೆ ಅದರಿಂದ ದೊಡ್ಡ ತೊಂದರೆಯಿಲ್ಲ. ಎನ್‌ಎಸ್‌ಇ ಪರೀಕ್ಷೆ ಮಾತ್ರ ಅಲ್ಲಿಗೇ ಕೆಟ್ಟಿತು.

ಎನ್‌ಎಸ್‌ಇ ಎಂದರೆ ನ್ಯೂರಾನ್ ಸ್ಪೆಸಿಫಿಕ್ ಇನೊಲೇಸ್, ಜೀವಕೋಶಗಳು ಗ್ಲೂಕೋಸನ್ನು ಒಡೆಯಲು ಬಳಸುವ ಒಂದು ಕಿಣ್ವ. ಶ್ವಾಸಕೋಶದ ಸ್ಮಾಲ್ ಸೆಲ್ ಎಂಬ ಬಗೆಯ ಕ್ಯಾನ್ಸರಿನಲ್ಲಿ ರಕ್ತಕ್ಕೆ ಹೆಚ್ಚು ಸೇರುತ್ತದೆ. ಆದರೆ ಕೆಂಪು ರಕ್ತಕಣ, ಪ್ಲೇಟ್‌ಲೆಟ್‌ಗಳಲ್ಲೂ ಇದೇ ಕಿಣ್ವ ತುಂಬಿದೆ. ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದರೆ, ಸ್ಪಿರಿಟ್ ಆರುವ ಮೊದಲೇ ಚುಚ್ಚಿದರೆ, ಟ್ಯೂಬ್ ಕುಲುಕಿದರೆ ಕಣಗಳು ಒಡೆಯುತ್ತವೆ. ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ) ತಿಳಿಹಳದಿಯ ಬದಲು ಗುಲಾಬಿಗೆ ತಿರುಗುತ್ತದೆ. ಕಣ್ಣಿಗೆ ಕಾಣದಷ್ಟು ಒಡೆದಿದ್ದರೂ ಅಂಕಿ ಏರಿಬಿಡುತ್ತದೆ. ಹಾಗಾಗಿ ರಕ್ತ ಅರ್ಧ ಗಂಟೆ ಹೆಪ್ಪುಗಟ್ಟಲಿ, ಒಂದು ಗಂಟೆಯೊಳಗೆ ಗಿರ್ರನೆ ತಿರುಗಿಸುವ ಯಂತ್ರವಾದ ಸೆಂಟ್ರಿಫ್ಯೂಜ್‌ಗೆ ಹಾಕಿ ಸೀರಂ ಬೇರ್ಪಡಿಸಲಿ. ಅಷ್ಟು ಮಾಡಲಾಗದ ಕೇಂದ್ರ ಈ ಪರೀಕ್ಷೆಗೆ ರಕ್ತ ತೆಗೆಯದಿರುವುದೇ ವಾಸಿ.

ಎಲ್‌ಡಿಎಚ್ ಎಂಬ ಇನ್ನೊಂದು ರಕ್ತಪರೀಕ್ಷೆ ಇನ್ನೂ ಒರಟು ಅಳತೆ. ಯಕೃತ್ತು, ಹೃದಯ, ಸ್ನಾಯು ಎಲ್ಲ ಕಡೆಯೂ ಇರುವ ಕಿಣ್ವವಿದು. ಹಿಂದಿನ ದಿನವಿಡೀ ಕಬ್ಬಿನ ಹೊರೆ ಹೊತ್ತವರಲ್ಲೂ ತುಸು ಏರಿರಬಹುದು.

ಇನ್ನು ಲಕ್ಷಣವಿಲ್ಲದವರಿಗೂ ಇಂಥ ರಕ್ತಪರೀಕ್ಷೆಗಳನ್ನು ಒಟ್ಟಿಗೆ ಮಾಡುವ 'ಕ್ಯಾನ್ಸರ್ ಪ್ಯಾಕೇಜ್' ವಿಚಾರ. ಲೆಕ್ಕಕ್ಕೆಂದು 1,000 ಜನರಲ್ಲಿ 5 ಮಂದಿಗೆ ಕಾಯಿಲೆಯಿದೆ ಎನ್ನೋಣ. ಪರೀಕ್ಷೆ ರೋಗಿಗಳಲ್ಲಿ ಶೇ 80ರಷ್ಟನ್ನು ಹಿಡಿಯುತ್ತದೆ, ರೋಗವಿಲ್ಲದವರಲ್ಲಿ ಶೇ 90ರಷ್ಟು ಮಂದಿಗೆ ಸರಿಯಾಗಿಯೇ 'ಇಲ್ಲ' ಎನ್ನುತ್ತದೆ. ಸಿಗುವುದು 4 ಜನ. ಸುಮ್ಮನೆ ಗಾಬರಿಬೀಳುವವರು ಸುಮಾರು 100! ಆರಂಭದ ಹಂತದಲ್ಲಿ ಎನ್‌ಎಸ್‌ಇಗೆ ಅಷ್ಟು ಶಕ್ತಿಯೂ ಇಲ್ಲ. ಅಂಕಿ ನಾರ್ಮಲ್ ಬಂತೆಂದು ಬೀಡಿ ಮುಂದುವರಿಸುವವರದು ಬೇರೆಯೇ ಅಪಾಯ.

ಬೇಗ ಪತ್ತೆಹಚ್ಚಿ ಸಾವು ತಗ್ಗಿಸಿ ತೋರಿಸಿದ್ದು ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್. 2011ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ, ಎಕ್ಸ್‌ರೇ ಗುಂಪಿಗೆ ಹೋಲಿಸಿದರೆ ಶ್ವಾಸಕೋಶ ಕ್ಯಾನ್ಸರಿನ ಸಾವು ಶೇ 20ರಷ್ಟು ಕಡಿಮೆಯಾಯಿತು. ಅಲ್ಲಿನ 2021ರ ಶಿಫಾರಸು 50ರಿಂದ 80 ವರ್ಷದವರಿಗೆ: ದಿನಕ್ಕೆ 20 ಸಿಗರೇಟಿನಂತೆ 20 ವರ್ಷ, ಇಲ್ಲವೇ 10ರಂತೆ 40 ವರ್ಷ ಸೇದಿ, ಈಗಲೂ ಸೇದುತ್ತಿರುವವರು ಅಥವಾ ಬಿಟ್ಟು 15 ವರ್ಷ ದಾಟದವರು. ಬೀಡಿ ಚಿಕ್ಕದೆಂದು ರಿಯಾಯಿತಿ ಕೊಟ್ಟುಕೊಳ್ಳಬೇಡಿ.

ನಮ್ಮಲ್ಲಿನ ತೊಡಕು ಕ್ಷಯ. ಸಿಟಿಯಲ್ಲಿ ಅದರ ಹಳೆಯ ಕಲೆಯೂ ಗಂಟಿನಂತೆ ಕಾಣುತ್ತದೆ. ಕಫದಲ್ಲಿ ಕ್ಷಯದ ರೋಗಾಣು ಸಿಗದೆಯೇ ಮಾತ್ರೆ ಶುರುಮಾಡಿದ್ದು, ಎರಡು ತಿಂಗಳಾದರೂ ಎಕ್ಸ್‌ರೇಯ ನೆರಳು ಕುಗ್ಗದಿದ್ದರೆ ಕಾಯುತ್ತಾ ಕೂರದೆ ಸಿಟಿ, ಬೇಕಾದರೆ ಬಯಾಪ್ಸಿ (ಗಂಟಿನ ಚೂರು ತೆಗೆದು ಪರೀಕ್ಷೆ) ಮಾಡಿಸಿ. ಬಯಾಪ್ಸಿಯಲ್ಲಿ ಸ್ಮಾಲ್ ಸೆಲ್ ಎಂದು ಖಚಿತವಾದ ಮೇಲೆ ಎನ್‌ಎಸ್‌ಇಗೆ ನಿಜವಾದ ಕೆಲಸ, ಚಿಕಿತ್ಸೆ ಫಲಿಸುತ್ತಿದೆಯೇ ಎಂದು ನೋಡುವುದು: ಕೀಮೋಗೆ ಮೊದಲು ಒಮ್ಮೆ, ಆಮೇಲೆ ವೈದ್ಯರು ಹೇಳಿದಾಗಲೆಲ್ಲ, ಪ್ರತಿ ಸಲವೂ ಅದೇ ಲ್ಯಾಬಿನಲ್ಲಿ. ಪರೀಕ್ಷೆಯ ಕಿಟ್ ಬದಲಾದರೆ ಅಂಕಿಯೂ ಬದಲಾಗುತ್ತದೆ.