ಪುಣೆಯ ಮನೆ, ಹೊನ್ನಾವರದ ಆಸೆ: ಹಿತ್ತಲಿಗೆ ಯಾವ ಗಿಡ?

ಪ್ರಶ್ನೆ: ಹಡಪಸರದ ಆಚೆ ರೋ ಹೌಸ್ ತೆಗೆದುಕೊಂಡಿದ್ದೇವೆ. ಹಿಂದೆ 20 ಅಡಿ ಉದ್ದ, 12 ಅಡಿ ಅಗಲದ ಜಾಗವಿದೆ. ಮುಂದೆ ಕಾರು ನಿಂತ ಮೇಲೆ ಗೇಟಿನ ಪಕ್ಕ ಒಂದು ಮೂಲೆ ಉಳಿಯುತ್ತದೆ. ಅತ್ತೆಯವರು ಹೊನ್ನಾವರದವರು, ಹಲಸು, ತೆಂಗು, ಮುರುಗಲು (ಕೋಕಂ) ಹಾಕೋಣ ಅನ್ನುತ್ತಾರೆ. ದಿನಾ ಅಡುಗೆಗೆ ಆಗುವಂಥದ್ದು ಇರಲಿ ಅಂತ ನನಗೆ. ಏನು ಹಾಕಬೇಕು?

ಉತ್ತರ: ಕನ್ನಡ ಸಂಘದ ಕಾರ್ಯಕ್ರಮ ಮುಗಿಸಿ ಊಟಕ್ಕೆ ಸಾಲಿನಲ್ಲಿ ನಿಂತಾಗ ಗಿಡದ ಮಾತೆತ್ತುವವರು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ: ನಮ್ಮೂರಿನ ಮರ ಇಲ್ಲಿ ಬರುತ್ತದೆಯೇ? ಹೊನ್ನಾವರದಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಮಳೆ. ಪುಣೆಯಲ್ಲಿ 700ರ ಆಸುಪಾಸು, ಅದೂ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಚಳಿಗಾಲದ ಬೆಳಗ್ಗೆ 10 ಡಿಗ್ರಿಗಿಂತ ಕೆಳಗೂ ಇಳಿಯುತ್ತದೆ, ಏಪ್ರಿಲ್‌ನಲ್ಲಿ 40ಕ್ಕೆ ಏರುತ್ತದೆ. ಮುರುಗಲು ತೇವದ ಗಾಳಿಯಲ್ಲಿ, ದೊಡ್ಡ ಮರಗಳ ನೆರಳಿನಲ್ಲಿ ಬೆಳೆದು ಬಂದ ಮರ. ಅದರಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಬೀಜದ ಸಸಿ ನೆಟ್ಟು ಏಳೆಂಟು ವರ್ಷ ಕಾದ ಮೇಲೆ ಅದು ಗಂಡೆಂದು ತಿಳಿದರೆ ಅತ್ತೆಯವರಿಗೆ ಎಷ್ಟು ಬೇಸರವಾದೀತು! ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ: ಮರ ಈ ನೆಲದ್ದಿರಲಿ, ಬಳ್ಳಿ ನಿಮ್ಮೂರಿನದಿರಲಿ. ಮರಕ್ಕೆ ಬೇಕಾದ ಹವೆಯನ್ನು ನಾವು ತಂದುಕೊಡಲಾರೆವು. ಬಳ್ಳಿಗೆ ದಿನಾ ಒಂದು ಕೊಡ ನೀರು, ಒಂದಿಷ್ಟು ನೆರಳು ಕೊಟ್ಟು ಸಾಕಬಹುದು.

ಹಲಸು, ನೇರಳೆ, ಬೀಜದ ಮಾವು, ಇವು ಈ ಜಾಗಕ್ಕೆ ಬೇಡವೇ ಬೇಡ. ಮಾವಿನ ಮರಕ್ಕೆ ಹಳೆಯ ಲೆಕ್ಕದಲ್ಲಿ 30 ಅಡಿ ಅಂತರ ಬಿಡುತ್ತಾರೆ, ನಿಮ್ಮ ಇಡೀ ಹಿತ್ತಲೇ 20 ಅಡಿ. ತೆಂಗು ಪುಣೆಯಲ್ಲಿ ಬೆಳೆಯುತ್ತದೆ, ಆದರೆ ಕಾಯಿ ಬೀಳುವ ಜಾಗದಲ್ಲಿ ನಿಮ್ಮ ಕಾರೋ ಪಕ್ಕದವರ ಮಕ್ಕಳೋ ಇರುತ್ತಾರೆ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಮಹಾರಾಷ್ಟ್ರದ ಶಹರಗಳಲ್ಲಿ 1975ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಮರ ದೊಡ್ಡದಾಯಿತು, ಗೋಡೆ ಬಿರುಕು ಬಿಟ್ಟಿತು ಎಂದು ನಿಮ್ಮದೇ ಅಂಗಳದ್ದನ್ನೂ ಸುಮ್ಮನೆ ಕಡಿಯುವ ಹಾಗಿಲ್ಲ, ವೃಕ್ಷ ಪ್ರಾಧಿಕಾರದ ಅನುಮತಿ ಬೇಕು. ಸಸಿ ಕೈಯಲ್ಲಿರುವಾಗಲೇ ಅದರ ಇಪ್ಪತ್ತನೇ ವರ್ಷದ ಗಾತ್ರವನ್ನು ಕಣ್ಣಮುಂದೆ ತಂದುಕೊಳ್ಳಿ.

ಗಿಡ ಕೊಳ್ಳುವ ಮೊದಲು ಮಾಡಲೇಬೇಕಾದ ಒಂದು ಕೆಲಸವಿದೆ. ಎರಡು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳದ ಗುಂಡಿ ತೋಡಿಸಿ. ನಮ್ಮ ಮನೆಯಲ್ಲಿ ತೋಡಿಸಿದಾಗ ಮೇಲಿನ ಒಂದು ಗೇಣು ಚೆಂದದ ಎರೆಮಣ್ಣು, ಅದರ ಕೆಳಗೆ ಒಡೆದ ಟೈಲ್ಸು, ಗಟ್ಟಿಯಾದ ಸಿಮೆಂಟಿನ ಹೆಂಟೆ, ಒಂದು ಮುರಿದ ಬಕೆಟ್ಟು, ಆಮೇಲೆ ಗರಸು. ಕಟ್ಟುವಾಗ ಉಳಿದದ್ದನ್ನೆಲ್ಲ ಹಾಕಿ ಮೇಲೆ ಮಣ್ಣು ಎಳೆದಿದ್ದರು. ಅಂಥದ್ದು ಸಿಕ್ಕರೆ ಪೂರಾ ತೆಗೆಸಿ. ನಂತರ ಸಂಜೆ ಗುಂಡಿ ತುಂಬ ನೀರು ಬಿಟ್ಟು ಬೆಳಗ್ಗೆ ಎದ್ದು ನೋಡಿ. ನೀರು ಇಂಗಿದ್ದರೆ ಸರಿ. ಇನ್ನೂ ನಿಂತಿದ್ದರೆ ಅಲ್ಲಿ ಗುಂಡಿಯಲ್ಲಿ ನೆಡಬೇಡಿ, ಒಂದೂವರೆ ಅಡಿ ದಿಬ್ಬ ಮಾಡಿ ಅದರ ಮೇಲೆ ನೆಡಿ. ಎರೆಮಣ್ಣಿನಲ್ಲಿ ಬಿಸಿಲಿಗಿಂತ ಆಗಸ್ಟ್ ತಿಂಗಳ ನಿಂತ ನೀರೇ ಹೆಚ್ಚು ಗಿಡಗಳನ್ನು ಕೊಲ್ಲುತ್ತದೆ.

ಈ ನೆಲದ ಮರ ಯಾವುದು ಎಂದು ತಿಳಿಯಲು ನಿಮ್ಮ ಮನೆಯಿಂದ ದಿವೆ ಘಾಟ್ ಹತ್ತಿ ಸಾಸವಡದವರೆಗೆ ಹೋಗಿ ಬನ್ನಿ. ಆ ಕಡೆಯ ಪುರಂದರ ತಾಲ್ಲೂಕಿನ ಅಂಜೂರಕ್ಕೆ ಜಿಐ, ಅಂದರೆ ಊರಿನ ಹೆಸರಿನ ವಿಶೇಷ ಬೆಳೆ ಎಂಬ ಸರಕಾರಿ ಮಾನ್ಯತೆ ಇದೆ, ಸೀತಾಫಲಕ್ಕೂ ಆ ಕಡೆ ದೊಡ್ಡ ಹೆಸರು. ಎರಡರಲ್ಲಿ ಒಂದನ್ನು ಹಿತ್ತಲಿನ ಒಂದು ತುದಿಗೆ ಹಾಕಿ. ಅಂಜೂರಕ್ಕೆ ಅಲ್ಲಿನ ರೈತರು ಎರಡು ಬಹಾರ, ಅಂದರೆ ಎರಡು ಫಸಲು ಹೇಳುತ್ತಾರೆ: ಮಳೆಗಾಲದ ಹಣ್ಣು ಖಟ್ಟಾ (ಹುಳಿ), ಬೇಸಿಗೆಯದು ಮೀಠಾ (ಸಿಹಿ). ಮರ ಒಂದೇ, ರುಚಿ ಎರಡು. ಅದರ ಬೇರು ನೀರು ಹುಡುಕಿಕೊಂಡು ಹೋಗುವುದರಿಂದ ಡ್ರೈನೇಜ್ ಪೈಪು, ನೆಲದಡಿಯ ಟಾಕಿ ಹತ್ತಿರ ಬೇಡ. ಅಷ್ಟು ಜಾಗ ಬಿಡಲಾಗದಿದ್ದರೆ ಸೀತಾಫಲವೇ ಇರಲಿ, ಅದು ಕಡಿಮೆ ನೀರಿನಲ್ಲೂ ಬಾಳುತ್ತದೆ. ಬೇಸಿಗೆಯ ಹೊತ್ತಿಗೆ ಎಲೆಯೆಲ್ಲ ಉದುರಿ ಒಣ ಕಟ್ಟಿಗೆಯಂತೆ ನಿಂತಾಗ ಸತ್ತಿತೆಂದು ಕೀಳಬೇಡಿ, ಮತ್ತೆ ಚಿಗುರುತ್ತದೆ.

ಇನ್ನೊಂದು ತುದಿಗೆ, ಪಶ್ಚಿಮದ ಬಿಸಿಲು ಬೀಳುವ ಕಡೆ, ಪೇರಲ (ಸೀಬೆ). ನನಗೆ ಎಲ್ಲಕ್ಕಿಂತ ಪ್ರೀತಿಯ ಗಿಡ ಇದು. ಅಂಗಡಿಯಲ್ಲಿ ‘ಲಖನೌ-49’ ಎಂದು ಕೇಳಿ. ಹೆಸರು ಲಖನೌ ಆದರೂ ಆ ತಳಿಯನ್ನು ಆರಿಸಿದ್ದು ಪುಣೆಯ ಗಣೇಶಖಿಂಡದ ಹಣ್ಣಿನ ಸಂಶೋಧನಾ ಕೇಂದ್ರದಲ್ಲಿ, 1927ರಲ್ಲಿ. ‘ಸರ್ದಾರ್’ ಎಂದೂ ಕರೆಯುತ್ತಾರೆ. ಬಿಟ್ಟರೆ ವರ್ಷಕ್ಕೆ ಎರಡು ಮೂರು ಸಲ ಹೂ ಬಿಡುತ್ತದೆ, ಆದರೆ ಮಳೆಗಾಲದ ಹಣ್ಣು ಸಪ್ಪೆ, ಒಡೆದರೆ ಒಳಗೆ ಹಣ್ಣುನೊಣದ ಬಿಳಿ ಹುಳು. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಹೂವನ್ನು ಮನಸ್ಸು ಗಟ್ಟಿ ಮಾಡಿ ಚಿವುಟಿಬಿಡಿ. ಜೂನ್‌ನಲ್ಲಿ ಬಂದ ಹೂ ಚಳಿಗಾಲಕ್ಕೆ ಹಣ್ಣಾಗುತ್ತದೆ. ಡಿಸೆಂಬರ್ ಬೆಳಗ್ಗೆ ಕಿತ್ತ ತಣ್ಣನೆಯ ಪೇರಲವನ್ನು ಕಚ್ಚಿದಾಗ ಚಿವುಟಿದ್ದು ಸಾರ್ಥಕ ಅನಿಸುತ್ತದೆ. ಕೊಯ್ಲಾದ ಮೇಲೆ ತುದಿ ಸವರುತ್ತಾ ಬಂದರೆ ಏಳೆಂಟು ಅಡಿಯಲ್ಲೇ ನಿಲ್ಲಿಸಬಹುದು.

ಗೇಟಿನ ಮೂಲೆಗೆ ಲಿಂಬೆ. ಮುಳ್ಳು ತಾಗದಂತೆ ಓಡಾಡುವ ದಾರಿಯಿಂದ ಮೂರು ನಾಲ್ಕು ಅಡಿ ಒಳಗಿರಲಿ. ರಾಹುರಿ ಕೃಷಿ ವಿದ್ಯಾಪೀಠದ ‘ಸಾಯಿ ಸರಬತಿ’ ತಳಿ ಈ ಕಡೆ ಚೆನ್ನಾಗಿ ಕಾಯಿ ಹಿಡಿಯುತ್ತದೆ. ಎಳೆ ಎಲೆಯ ಮೇಲೆ ಹಕ್ಕಿ ಹಿಕ್ಕೆ ಹಾಕಿದಂತೆ ಕಂದು-ಬಿಳಿ ಮಚ್ಚೆ ಕಂಡರೆ ಬಗ್ಗಿ ನೋಡಿ. ಅದು ಹಿಕ್ಕೆಯಲ್ಲ, ಲಿಂಬೆ ಚಿಟ್ಟೆಯ ಮರಿಹುಳು. ಬೆರಳಿನಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪನೆಯ ಎರಡು ಕೊಂಬು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಗಿಡ ದೊಡ್ಡದಿದ್ದರೆ ಎರಡು ಹುಳುವಿಗೆ ಪಾಲು ಕೊಡಿ, ಚಿಟ್ಟೆ ಆಗುವುದನ್ನು ಮಕ್ಕಳು ನೋಡಲಿ. ಸಸಿ ಇದ್ದರೆ ಆರಿಸಿ ತೆಗೆಯಿರಿ. ವಿಷ ಹೊಡೆಯಬೇಡಿ, ನಾವು ತಿನ್ನುವ ಗಿಡವಿದು.

ಕರಿಬೇವು ಅಡುಗೆಮನೆ ಬಾಗಿಲ ಬಳಿ, ಒಗ್ಗರಣೆ ಸಿಡಿಯುವಾಗ ಓಡಿ ಕಿತ್ತು ತರುವಷ್ಟು ಹತ್ತಿರ. ಎಲೆ ಕೀಳುವ ಬದಲು ಕೊಂಬೆಯ ತುದಿಯನ್ನೇ ಮುರಿಯುತ್ತಾ ಹೋದರೆ ಪೊದೆಯಾಗುತ್ತದೆ. ಡಿಸೆಂಬರ್-ಜನವರಿಯಲ್ಲಿ ಹಳದಿಯಾಗಿ ಸುಮ್ಮನಿದ್ದುಬಿಡುತ್ತದೆ, ಅದು ಚಳಿಗೆ. ಆಗ ಗೊಬ್ಬರ ಸುರಿಯುವ ಅಗತ್ಯವಿಲ್ಲ.

ನುಗ್ಗೆ ಬೇಕೆಂದರೆ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ‘ಭಾಗ್ಯ’ ತಳಿಯ ಬೀಜ ತರಿಸಿ. ಅದರ ಕಟ್ಟಿಗೆ ಮೆದು, ಗಾಳಿಗೆ ಮುರಿಯುತ್ತದೆ. ನಮ್ಮದು ಒಂದು ಮಳೆಗಾಲದ ರಾತ್ರಿ ಕಂಪೌಂಡ್ ಮೇಲೆ ಅಡ್ಡ ಬಿದ್ದ ಮೇಲೆ ಪ್ರತಿ ಮೇ ತಿಂಗಳು ಮೂರಡಿಗೆ ಕಡಿಯುತ್ತೇನೆ. ಸೊಪ್ಪೂ ಕೈಗೆ ಎಟುಕುತ್ತದೆ.

ಇನ್ನು ಅತ್ತೆಯವರ ಪಾಲು. ಹಿಂದಿನ ಗೋಡೆಗೆ ಆತು ಒಂದು ತಂತಿ ಚಪ್ಪರ ಹಾಕಿಸಿ. ಒಂದು ಕಾಲಿಗೆ ತೊಂಡೆ, ಇನ್ನೊಂದಕ್ಕೆ ಬಸಳೆ. ತೊಂಡೆಯಲ್ಲೂ ಗಂಡು-ಹೆಣ್ಣು ಬೇರೆಯಾದ್ದರಿಂದ ಬೀಜ ಹಾಕಬೇಡಿ, ಕಾಯಿ ಬಿಡುತ್ತಿರುವ ಬಳ್ಳಿಯಿಂದಲೇ ತುಂಡು ತನ್ನಿ. ಬಸಳೆ ಇನ್ನೂ ಸುಲಭ. ಅತ್ತೆಯವರು ಮೇ ಕೊನೆಗೆ ಊರಿಂದ ಬರುವಾಗ ಬಲಿತ ದಂಟಿನ ಮೂರು ನಾಲ್ಕು ತುಂಡು, ಒಂದೊಂದರಲ್ಲಿ ಮೂರು ಗೆಣ್ಣು ಇರುವಂತೆ ಕತ್ತರಿಸಿ, ಎಲೆ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿ ತರಲಿ. ಬಂದ ದಿನವೇ ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಓರೆಯಾಗಿ ಊರಿ, ಚಿಗುರು ಬರುವವರೆಗೆ ತೆಂಗಿನ ಗರಿಯೋ ಹಳೆ ಗೋಣಿಚೀಲವೋ ನೆರಳಿಗೆ ಕಟ್ಟಿ. ಪೇರಲ, ಲಿಂಬೆ, ಸೀತಾಫಲದ ಸಸಿಗಳನ್ನು ಜೂನ್‌ನಲ್ಲಿ ಎರಡು ಒಳ್ಳೆ ಮಳೆ ಬಿದ್ದು ನೆಲ ನೆನೆದ ಮೇಲೆ ನೆಟ್ಟರಾಯಿತು. ಅಷ್ಟರಲ್ಲಿ ಬಸಳೆ ಚಪ್ಪರದ ಕಾಲು ಹಿಡಿದಿರುತ್ತದೆ, ಮೊದಲ ಬಸಳೆ ಹುಳಿಗೆ ದಂಟು ಕೊಯ್ಯುವವರು ಅತ್ತೆಯವರೇ ಆಗಲಿ.