ಕೇಳುಗರಿಲ್ಲದ ಸಂಗೀತಕ್ಕೆ ಅನ್ನ ಹಾಕುವವರು ಯಾರು?

ಜೆ.ಸಿ. ರಸ್ತೆಯಲ್ಲಿ ಕ್ಲಚ್ ಪ್ಲೇಟಿಗೂ ಸೀಟು ಕವರಿಗೂ ಚೌಕಾಸಿ ಮಾಡುವವರಿಗೆ ಆ ಎರಡು ಅಕ್ಷರ ಯಾರದ್ದು ಎಂದು ಯೋಚಿಸಲು ಪುರುಸೊತ್ತು ಎಲ್ಲಿ! ಅದು ಜಯಚಾಮರಾಜೇಂದ್ರ ಒಡೆಯರ್ ಅವರ ಹೆಸರು. ಮೈಸೂರಿನ ಕೊನೆಯ ಮಹಾರಾಜರು, 94 ಕೃತಿಗಳ ವಾಗ್ಗೇಯಕಾರರು. ಇಷ್ಟು ಬೆಂಗಳೂರಿನ ಸಭೆಗಳಿಗೆ ಹೋಗುವ ಎಲ್ಲರಿಗೂ ಗೊತ್ತು. ಅಷ್ಟಾಗಿ ಮಾತಿಗೆ ಬರದ ಇನ್ನೊಂದು ಸಂಗತಿ ಇದೆ. ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಯೋಜಕ ವಯಸ್ಸಾಗಿ, ಕಾಯಿಲೆ ಬಿದ್ದು, ಜನ ಮರೆತ ಸ್ಥಿತಿಯಲ್ಲಿದ್ದಾಗ ಆತನ ಸಂಗೀತವನ್ನು ಧ್ವನಿಮುದ್ರಿಸಲು ದುಡ್ಡು ಕೊಟ್ಟವರು ಇವರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರೂ ಇವರೇ. ಧ್ವನಿಮುದ್ರಣದ ಋಣಕ್ಕೆ ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ.

ಜನ ಕೇಳದ ಸಂಗೀತವನ್ನು ಬರೆಯುವವನ ಹೊಟ್ಟೆಪಾಡು ಹೇಗೆ? ಆವತ್ತಿಗೆ ನಮ್ಮ ಸೀಮೆಯಲ್ಲಿ ಅದಕ್ಕಿದ್ದ ಉತ್ತರ ಅರಮನೆ. ಅದೇ ಹೊತ್ತಿಗೆ ಅಮೆರಿಕದಲ್ಲೊಬ್ಬ ಮೇಷ್ಟ್ರು ಬೇರೆ ಉತ್ತರ ಹುಡುಕುತ್ತಿದ್ದ.

ಆತ ಮಿಲ್ಟನ್ ಬ್ಯಾಬಿಟ್. 1916ರಲ್ಲಿ ಹುಟ್ಟಿ, ಮಿಸಿಸಿಪ್ಪಿಯ ಜ್ಯಾಕ್ಸನ್ ಊರಿನಲ್ಲಿ ಬೆಳೆದವನು. ಹುಡುಗನಾಗಿದ್ದಾಗ ಜ್ಯಾಜ್, ನಾಟಕದ ಹಾಡು ಅಂದರೆ ಪ್ರಾಣ. 1938ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಗೀತ ವಿಭಾಗ ಸೇರಿದ. ಯುದ್ಧದ ಕಾಲದಲ್ಲಿ, 1943ರಿಂದ 45ರವರೆಗೆ, ಅಲ್ಲೇ ಗಣಿತ ಪಾಠ ಮಾಡಿದ. ನಡುವೆ ನ್ಯೂಯಾರ್ಕಿನ ನಾಟಕ ಬೀದಿ ಬ್ರಾಡ್ವೇಗೆಂದು ಒಂದು ಸಂಗೀತ ನಾಟಕವನ್ನೂ ಬರೆದ, ಅದು ರಂಗಕ್ಕೆ ಏರಲಿಲ್ಲ. ಆಮೇಲೆ ತನ್ನ ಬಹುತೇಕ ಆಯುಷ್ಯವನ್ನು ಆ ಕ್ಯಾಂಪಸ್ಸಿನ ನೆರಳಲ್ಲೇ ಕಳೆದ.

1958ರ ಫೆಬ್ರುವರಿಯಲ್ಲಿ ಒಂದು ಪತ್ರಿಕೆಗೆ ಲೇಖನ ಬರೆದ. ಅವನು ಕೊಟ್ಟ ತಲೆಬರಹದ ಅರ್ಥ 'ಪರಿಣತನಾಗಿ ಸಂಯೋಜಕ' ಎಂದಷ್ಟೇ. ಸಂಪಾದಕರು ಅದನ್ನು ಕಿತ್ತು 'ನೀವು ಕೇಳಿದರೆಷ್ಟು, ಬಿಟ್ಟರೆಷ್ಟು?' ಎಂಬ ಅರ್ಥದ ತಲೆಬರಹ ಅಂಟಿಸಿದರು. ಬ್ಯಾಬಿಟ್ ಸಾಯುವತನಕ ಆ ಮಾತು ಬೆನ್ನು ಬಿಡಲಿಲ್ಲ. ಲೇಖನ ಓದದವರೂ ಅವನನ್ನು ಬೈಯುವುದಕ್ಕೆ ಅದೊಂದು ಸಾಲು ಸಾಕಾಯಿತು.

ಅವನ ವಾದವನ್ನು ಬೆಂಗಳೂರಿಗೆ ತಂದು ಹೇಳುವುದು ಸುಲಭ. ಯಶವಂತಪುರದ ಬಸ್ಸಿನಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ದಾಟಿ ಹೋಗುವ ಯಾರೂ, 'ಒಳಗೆ ಬರೆಯುವ ಸಮೀಕರಣ ನನಗೆ ಅರ್ಥವಾಗದು, ಆದ್ದರಿಂದ ಇವರ ಸಂಬಳ ನಿಲ್ಲಿಸಿ' ಅನ್ನುವುದಿಲ್ಲ. 1909ರಿಂದ ಆ ಕಾಂಪೌಂಡಿನ ಒಳಗೆ ನಡೆಯುವುದು ನಮಗೆ ತಿಳಿಯದಿದ್ದರೂ ನಡೆಯಲಿ ಎಂದು ಒಪ್ಪಿಕೊಂಡಿದ್ದೇವೆ. ಹಾಗಿದ್ದಮೇಲೆ ಸಂಗೀತ ಮಾತ್ರ ಮೊದಲ ಸಲಕ್ಕೇ ಎಲ್ಲರ ಕಿವಿಗೂ ದಕ್ಕಬೇಕೆಂಬ ಹಟ ಯಾಕೆ? ಗಣಿತಕ್ಕೆ ಆಸರೆ ಕೊಟ್ಟ ವಿಶ್ವವಿದ್ಯಾಲಯವೇ ಹೊಸ ಸಂಗೀತಕ್ಕೂ ಆಸರೆ ಕೊಡಲಿ. ಬ್ಯಾಬಿಟ್ ಕೇಳಿದ್ದು ಇಷ್ಟು.

ವಾದ ಗಟ್ಟಿ. ಆದರೆ ಸಂಗೀತ? ಅವನ ಬಳಿ ಇದ್ದದ್ದೂ ನಮ್ಮಲ್ಲಿರುವ ಅದೇ ಹನ್ನೆರಡು ಸ್ವರಸ್ಥಾನಗಳು. ಆಸ್ಟ್ರಿಯದ ಸಂಯೋಜಕ ಶೋನ್‌ಬರ್ಗ್ ಹಾಕಿಕೊಟ್ಟ ದಾರಿಯಲ್ಲಿ ಆ ಹನ್ನೆರಡನ್ನೂ ಒಂದು ಸರಣಿಯಾಗಿ ಜೋಡಿಸಬೇಕು, ಒಂದು ಸುತ್ತು ಮುಗಿಯುವತನಕ ಯಾವುದೂ ಮರುಕಳಿಸಬಾರದು. ಅಂಥ ಜೋಡಣೆಗಳು 47,90,01,600 ಇವೆ. ಸರಣಿಯನ್ನು ಹಿಂದುಮುಂದಾಗಿಸಬಹುದು, ಏರಿದ ಕಡೆ ಇಳಿಸಬಹುದು. 1947ರ ಹೊತ್ತಿಗೆ ಬ್ಯಾಬಿಟ್ ಇದೇ ಕಟ್ಟುಪಾಡನ್ನು ಲಯಕ್ಕೂ ನಾದದ ಜೋರು-ಮೆದುವಿಗೂ ಹಬ್ಬಿಸಿದ.

ಇದೆಲ್ಲ ಪರಕೀಯ ಅಂತ ನಾವು ಮೂಗು ಮುರಿಯುವ ಹಾಗಿಲ್ಲ. ಹದಿಮೂರನೆಯ ಶತಮಾನದ ಶಾರ್ಙ್ಗದೇವ ಏಳು ಸ್ವರಗಳ ಪ್ರಸ್ತಾರ, ಅಂದರೆ ಬೇರೆ ಬೇರೆ ಜೋಡಣೆ, 5040 ಎಂದು ಲೆಕ್ಕ ಹಾಕಿ, ಅದರಲ್ಲಿ ಇಂತಿಷ್ಟನೆಯದು ಯಾವುದು ಎಂದು ಹುಡುಕುವ ದಾರಿಯನ್ನೂ ತೋರಿಸಿದ. ಕನ್ನಡ ಮೂಲದ ಗೋವಿಂದ ದೀಕ್ಷಿತರ ಮಗ ವೆಂಕಟಮಖಿ ತಂಜಾವೂರಿನಲ್ಲಿ ಕೂತು ಎರಡು, ಆರು, ಆರು ಗುಣಿಸಿ 72 ಮೇಳ, ಅಂದರೆ ರಾಗಗಳನ್ನು ಇಡುವ ಮನೆ, ಕಟ್ಟಿದ್ದು ರಾಗ ಹುಟ್ಟಿದ ಮೇಲಲ್ಲ. ಎಷ್ಟೋ ಮನೆಗಳು ಆಗ ಖಾಲಿಯೇ ಇದ್ದವು. ಸಾಲಿನ ವೇಗ, ತಾಳದ ವೇಗ ಬದಲಿಸುತ್ತ ಹಾಡುವ ಪಲ್ಲವಿಯ ಅನುಲೋಮ-ಪ್ರತಿಲೋಮವಂತೂ ತಾಳ ಹಾಕಬಲ್ಲವರಿಗೆ ಮಾತ್ರ ದಕ್ಕುವ ವಿದ್ಯೆ. ಮೃದಂಗದವರ ತನಿ ಆವರ್ತನ ಶುರುವಾದ ಕೂಡಲೇ ಕ್ಯಾಂಟೀನಿಗೆ ಎದ್ದು ಹೋಗುವ ನಮ್ಮ ಸಭಿಕರನ್ನು ನೋಡಿದ್ದರೆ ಬ್ಯಾಬಿಟ್ ಇನ್ನೊಂದು ಲೇಖನ ಬರೆಯುತ್ತಿದ್ದನೇನೋ.

ಆದರೂ ಒಂದು ವ್ಯತ್ಯಾಸವಿದೆ, ಅದು ಸಣ್ಣದಲ್ಲ. ನಮ್ಮ ಲೆಕ್ಕ ಎಷ್ಟೇ ಸುತ್ತಲಿ, ಕೆಳಗೆ ತಂಬೂರಿ ಸಾ ಹಿಡಿದೇ ಇರುತ್ತದೆ. ಬ್ಯಾಬಿಟ್‌ನಲ್ಲಿ ಆಧಾರ ಷಡ್ಜವೇ ಇಲ್ಲ. ಹನ್ನೆರಡೂ ಸಮಾನರು, ಯಾವುದೂ ಮನೆಯಲ್ಲ. ನನ್ನ ಕಿವಿ ಸೋಲುವುದು ಅಲ್ಲಿಯೇ, ಗಣಿತದಲ್ಲಿ ಅಲ್ಲ.

ಸೋಲದ ಒಂದು ಕೃತಿ 1964ರ 'ಫಿಲೋಮೆಲ್'. 1959ರಲ್ಲಿ ಕೊಲಂಬಿಯ ಮತ್ತು ಪ್ರಿನ್ಸ್‌ಟನ್ ಸೇರಿ ನ್ಯೂಯಾರ್ಕಿನಲ್ಲಿ ಎಲೆಕ್ಟ್ರಾನಿಕ್ ಸಂಗೀತ ಕೇಂದ್ರ ತೆರೆದಿದ್ದವು. ಅಲ್ಲಿ ಆರ್‌ಸಿಎ ಕಂಪನಿಯ ಸಿಂಥಸೈಸರ್ ಒಂದು ಗೋಡೆಯುದ್ದಕ್ಕೂ ನಿಂತಿತ್ತು. ಕಾಗದದ ಸುರುಳಿಯಲ್ಲಿ ತೂತು ಕೊರೆದು ಅದಕ್ಕೆ ಸ್ವರ ಉಣಿಸಬೇಕು. ನಾಲಿಗೆ ಕತ್ತರಿಸಲ್ಪಟ್ಟ ಹೆಣ್ಣೊಬ್ಬಳು ಹಕ್ಕಿಯಾಗುವ ಗ್ರೀಕರ ಕಥೆಗೆ ಬ್ಯಾಬಿಟ್ ಆ ಯಂತ್ರವನ್ನು ಹಚ್ಚಿದ. ವೇದಿಕೆಯ ಮೇಲೆ ಬೆಥನಿ ಬಿಯರ್ಡ್ಸ್‌ಲೀ ಹಾಡಬೇಕು, ಟೇಪಿನಿಂದ ಅವಳದೇ ದನಿ ಚೂರುಚೂರಾಗಿ ಎದುರು ಬರಬೇಕು. ಮಾತು ಕಳೆದುಕೊಂಡವಳು ತೊದಲುತ್ತ ತೊದಲುತ್ತ ದನಿ ಕಂಡುಕೊಳ್ಳುವುದನ್ನು ಕೇಳಲು ಸರಣಿಯ ಲೆಕ್ಕ ಗೊತ್ತಿರಬೇಕಿಲ್ಲ. ಅಂಥ ಯಂತ್ರ, ಅದರ ಮುಂದೆ ತಿಂಗಳುಗಟ್ಟಲೆ ಕೂರುವ ಬಿಡುವು, ಎರಡನ್ನೂ ಯಾವ ಟಿಕೆಟ್ ದುಡ್ಡೂ ಕೊಡಿಸುತ್ತಿರಲಿಲ್ಲ.

ಇತ್ತ ನಮ್ಮಲ್ಲಿ ಏನಾಯಿತು? ಅರಮನೆ ಇದ್ದಾಗ ಮುತ್ತಯ್ಯ ಭಾಗವತರು ಚಾಮುಂಡಿಯ ಮೇಲೆ 108 ಕನ್ನಡ ಕೃತಿ ಕಟ್ಟಿದರು. ವಾಸುದೇವಾಚಾರ್ಯರಿಗೆ ಆಸ್ಥಾನವಿತ್ತು, ಇಳಿವಯಸ್ಸಿನಲ್ಲಿ ಅವರನ್ನು ಕರೆದುಕೊಂಡದ್ದು ಮದರಾಸಿನ ಕಲಾಕ್ಷೇತ್ರ. ಅರಮನೆ ಮುಗಿದ ಮೇಲೆ ತಿಂಗಳ ಸಂಬಳ ಕೊಟ್ಟ ದೊಡ್ಡ ಯಜಮಾನ ಆಕಾಶವಾಣಿ. 1955ರಲ್ಲಿ ಕೇಂದ್ರ ಮೈಸೂರಿನಿಂದ ಬೆಂಗಳೂರಿಗೆ ಬಂತು. ದೊರೆಸ್ವಾಮಿ ಅಯ್ಯಂಗಾರ್, ಆರ್.ಕೆ. ಶ್ರೀಕಂಠನ್ ಅಲ್ಲಿ ನೌಕರಿಯಲ್ಲಿದ್ದರು. ವಿಶ್ವವಿದ್ಯಾಲಯಗಳು ಸಂಗೀತಕ್ಕೆ ಬಾಗಿಲು ತೆರೆದದ್ದು ಮೇಷ್ಟ್ರುಗಳಿಗಾಗಿ. ಮೈಸೂರಿನಲ್ಲಿ 1965ರಲ್ಲಿ ಲಲಿತಕಲಾ ಕಾಲೇಜು ಬಂತು, ಮುಂದೆ ಜ್ಞಾನಭಾರತಿಯಲ್ಲೂ ಸಂಗೀತದ ಪಾಠ ನಡೆಯಿತು. ಅಲ್ಲಿ ಕಲಿಸಿದವರಲ್ಲಿ ಕೃತಿ ರಚಿಸಿದವರೂ ಇದ್ದರು, ಆದರೆ ರಚನೆ ಅವರ ಮನೆಯ ಕೆಲಸ. ಹುದ್ದೆ ಇದ್ದದ್ದು ಪಠ್ಯ, ಪರೀಕ್ಷೆ, ಪ್ರಬಂಧಕ್ಕೆ. ವಾಗ್ಗೇಯಕಾರರ ಚರಿತ್ರೆ ಓದಿ ಡಾಕ್ಟರೇಟ್ ಪಡೆಯುವುದು ನಮಗೆ ಸಹಜವಾಗಿ ಕಂಡಿತು. ವರ್ಣವೊಂದನ್ನು ಕಟ್ಟಿ ಅದನ್ನೇ ಪ್ರಬಂಧವೆಂದು ಒಪ್ಪಿಸುವುದು ಹಾಗೆ ಕಾಣಲಿಲ್ಲ. ಅಮೆರಿಕದಲ್ಲಿ ಬ್ಯಾಬಿಟ್‌ನಂಥವರು ಹೋರಾಡಿ ಗೆದ್ದದ್ದು ಇದನ್ನೇ. 1960ರ ದಶಕದಲ್ಲಿ ಪ್ರಿನ್ಸ್‌ಟನ್ ಸಂಯೋಜನೆಗೇ ಪಿಎಚ್.ಡಿ. ಕೊಡತೊಡಗಿತು.

ಅದರಿಂದ ಒಳ್ಳೆಯದೇ ಆಯಿತೆ? ಒಬ್ಬರಿಗೊಬ್ಬರು ಮಾತ್ರ ಬರೆದುಕೊಳ್ಳುವ ಮೇಷ್ಟ್ರುಗಳ ಪಂಗಡ ಅಲ್ಲಿ ಬೆಳೆಯಿತೆಂಬ ದೂರಿನಲ್ಲಿ ಹುರುಳಿದೆ. ಆದರೆ ಬ್ಯಾಬಿಟ್ ಬಳಿ ಪಾಠಕ್ಕೆ ಬಂದವರಲ್ಲಿ ಬ್ರಾಡ್ವೇಯ ಸ್ಟೀಫನ್ ಸೊಂಡ್‌ಹೈಮ್ ಕೂಡ ಇದ್ದ. ಇಬ್ಬರೂ ಕೂತು ಬಿಚ್ಚಿ ನೋಡುತ್ತಿದ್ದುದು ಸರಣಿಗಳನ್ನಲ್ಲ, ಜನ ಗುನುಗುವ ಹಾಡುಗಳನ್ನು.

ಇನ್ನು ಅವನ ಸ್ವಂತ ಡಾಕ್ಟರೇಟ್. ಹನ್ನೆರಡು ಸ್ವರಗಳ ಗಣಿತದ ಮೇಲೆ ಬರೆದ ಪ್ರಬಂಧವನ್ನು ಅವನು ಪ್ರಿನ್ಸ್‌ಟನ್‌ಗೆ ಒಪ್ಪಿಸಿದ್ದು 1946ರಲ್ಲಿ. ಸಂಗೀತ ವಿಭಾಗ ಒಪ್ಪಲಿಲ್ಲ. ಅಷ್ಟರಲ್ಲಿ ಅವನ ಶಿಷ್ಯರ ಶಿಷ್ಯರು ಪ್ರೊಫೆಸರುಗಳಾದರು, ಅವನೂ ನಿವೃತ್ತನಾದ. 1992ರಲ್ಲಿ ಅದೇ ವಿಶ್ವವಿದ್ಯಾಲಯ ಅದೇ ಪ್ರಬಂಧಕ್ಕೆ ಪಿಎಚ್.ಡಿ. ಕೊಟ್ಟಾಗ ಬ್ಯಾಬಿಟ್‌ಗೆ ಎಪ್ಪತ್ತಾರು ವರ್ಷ.